ಗುಂಯ್‌ಗುಟ್ಟುವ ರೇಡಿಯೋದ ಕೇಸ್ ಶೀಟು

ಅಚ್ಚುಕಟ್ಟಾಗಿ ಬದುಕುವವರ ಮನೆಯಲ್ಲೇ ಇಂಥವು ನಡೆಯುತ್ತವೆ. ಅಸ್ತವ್ಯಸ್ತವಾಗಿರುವವರ ಮನೆಯಲ್ಲೂ ನಡೆಯುತ್ತವೆಯೋ ಏನೋ, ಅಲ್ಲಿ ಯಾರೂ ಗಮನಿಸುವುದಿಲ್ಲ.

ನಾನು ಪೀಣ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ಮೇಟ್ರನ್ ಆಗಿದ್ದೆ. ಕಾರ್ಖಾನೆಯ ಪ್ರೆಸ್ಸಿನಡಿ ಬೆರಳು ಕೊಟ್ಟವರು, ಕಣ್ಣಿಗೆ ಕಬ್ಬಿಣದ ಪುಡಿ ಹೊಕ್ಕವರು ನಮ್ಮಲ್ಲಿಗೆ ಬರುತ್ತಿದ್ದರು. ಅಲ್ಲಿ ನಗುವಂಥದ್ದೇನೂ ನಡೆಯಲು ನಾನು ಬಿಟ್ಟಿರಲಿಲ್ಲ. ಈಗ ಹೇಳುವುದೆಲ್ಲ ಮನೆಯಲ್ಲಿ ನಡೆದದ್ದು. ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ, ರಾಜಗೋಪಾಲನಗರದ ನಮ್ಮ ಬಾಡಿಗೆ ಮನೆಯ ಮೊದಲನೇ ಮಹಡಿಯಲ್ಲಿ, ಹದಿನೈದು ದಿನಗಳ ಒಳಗೆ. ನಕ್ಕವರು ಬೇರೆಯವರು. ನಾನು ದಾಖಲೆ ಇಟ್ಟವಳು.

೧. ಕಾಯಿಲೆಯ ಹಿನ್ನೆಲೆ

ನನ್ನ ಹತ್ತಿರ ಒಂದು ವಾಲ್ವ್ ರೇಡಿಯೋ ಇದೆ. ತೇಗದ ಪೆಟ್ಟಿಗೆ, ಮುಂದೆ ಬಂಗಾರದ ಬಣ್ಣದ ಬಟ್ಟೆ, ಸ್ಟೇಷನ್ ಸರಿಯಾಗಿ ಹಿಡಿದರೆ ಕಿರಿದಾಗುವ ಒಂದು ಹಸಿರು ಕಣ್ಣು. ಹಾಕಿದ ಮೇಲೆ ಒಳಗಿನ ಗಾಜಿನ ವಾಲ್ವುಗಳು ಬಿಸಿಯಾಗಲು ಒಂದು ನಿಮಿಷ ಬೇಕು. ನಾನು ಓದಿದ ಕಾನ್ವೆಂಟಿನ ಹೆಡ್ ಸಿಸ್ಟರ್ ಕೋಣೆಯಲ್ಲಿ ಅದು ಇತ್ತು. ಸಂಜೆ ನಾವು ಹುಡುಗಿಯರು ದೂರದ ವರಾಂಡದಲ್ಲಿ ಸಾಲಾಗಿ ನಿಂತು ವಾರ್ತೆ ಕೇಳಬೇಕಿತ್ತು. ಮುಂದೆ ನನ್ನ ಮದುವೆ ನಿಶ್ಚಯವಾದಾಗ ಸಿಸ್ಟರ್ ಆ ರೇಡಿಯೋವನ್ನೇ ನನಗೆ ಉಡುಗೊರೆಯಾಗಿ ಕೊಟ್ಟರು. ನನ್ನ ಬ್ಯಾಚಿನಲ್ಲಿ ಬೇರೆ ಯಾರಿಗೂ ಏನೂ ಕೊಟ್ಟಿರಲಿಲ್ಲ.

ಅದನ್ನು ಮನೆಗೆ ತಂದ ದಿನ ನಮ್ಮ ಮನೆಯವರು ಆಟೋದಿಂದ ಇಳಿಸುವಾಗ ಗೇಟಿನ ಕಂಬಕ್ಕೆ ತಾಗಿಸಿದರು. ತಾಗಿಸಲಿಲ್ಲ ಎಂದು ಅವರು ಇಂದಿಗೂ ಹೇಳುತ್ತಾರೆ. ಒಳಗೆ ತಂದು ಹಾಕಿದೆವು. ವಾರ್ತೆ ಬಂತು, ಅದರ ಹಿಂದೆಯೇ ಗುಂಯ್ ಎಂಬ ಸದ್ದೂ ಬಂತು, ಮುಚ್ಚಿದ ಡಬ್ಬಿಯಲ್ಲಿ ದುಂಬಿ ಸಿಕ್ಕಿಕೊಂಡ ಹಾಗೆ. ಕಂಬಕ್ಕೆ ತಾಗದಿದ್ದರೆ ಇದು ಬರುವುದು ಹೇಗೆ?

ಮದುವೆಯಾದ ವರ್ಷ ಕ್ರಿಸ್‌ಮಸ್‌ಗೆ ಸಿಸ್ಟರ್‌ಗೆ ಕಾಗದ ಬರೆಯಲು ಕೂತೆ. ಉಡುಗೊರೆ ಒಂದೇ ದಿನಕ್ಕೆ ಕೆಟ್ಟಿತು ಎಂದು ಬರೆಯಲು ಕೈ ಬರಲಿಲ್ಲ. 'ತಾವು ಕೊಟ್ಟ ರೇಡಿಯೋ ತಮ್ಮಲ್ಲಿದ್ದಾಗ ಹೇಗಿತ್ತೋ ಈಗಲೂ ಹಾಗೆಯೇ ಇದೆ' ಎಂದು ಬರೆದೆ. ನೀತಿಪಾಠದಲ್ಲಿ ಮೊದಲ ಬಹುಮಾನ ಪಡೆದವಳು ನಾನು. ಆಮೇಲೆ ಪ್ರತಿ ಡಿಸೆಂಬರಿನಲ್ಲೂ ರೇಡಿಯೋ ಹಾಕುತ್ತಿದ್ದೆ, ಗುಂಯ್ ಎನ್ನುತ್ತಿತ್ತು, ಆರಿಸಿ ಅದೇ ವಾಕ್ಯ ಬರೆಯುತ್ತಿದ್ದೆ. ರಿಪೇರಿಗೆ ಕೊಡಲಿಲ್ಲ. ಕೊಟ್ಟರೆ ಸುಳ್ಳನ್ನು ಒಪ್ಪಿಕೊಂಡ ಹಾಗೆ ಎಂದು ಹೇಗೋ ಮನಸ್ಸಿಗೆ ಬಂದುಬಿಟ್ಟಿತ್ತು. ಹೀಗೆ ಮೂವತ್ತು ವರ್ಷ.

ಆ ವರ್ಷ ಸಿಸ್ಟರ್ ಕಡೆಯಿಂದಲೇ ಕಾಗದ ಬಂತು. ಎಂಬತ್ತಾರು ವರ್ಷ, ಎರಡು ವಾರ ಬಿಟ್ಟು ಶನಿವಾರ ಕಣ್ಣಿನ ಆಪರೇಷನ್ನಿಗೆ ಬೆಂಗಳೂರಿಗೆ ಬರುತ್ತಾರಂತೆ. ಆಸ್ಪತ್ರೆ ಸೇರುವ ಮೊದಲು ನಮ್ಮ ಮನೆಗೆ ಬಂದು ಆ ರೇಡಿಯೋವನ್ನು ಒಮ್ಮೆ ಕೇಳಬೇಕಂತೆ.

ನಾನು ಗಾಬರಿಯಾಗುವವಳಲ್ಲ. ಕೇಸ್ ಶೀಟು ತೆರೆದೆ. ರೋಗಿ: ರೇಡಿಯೋ. ದೂರು: ಗುಂಯ್ ಸದ್ದು, ಮೂವತ್ತು ವರ್ಷದಿಂದ. ಕಾರಣ ಎಂಬ ಜಾಗದಲ್ಲಿ ಒಂದೇ ಪದ ಬರೆದೆ: ಪತಿ.

ನಮ್ಮ ಮನೆಯವರು ಅದನ್ನು ಕನ್ನಡಕ ಹಾಕಿಕೊಂಡು ಓದಿದರು. "ರೋಗಿಯ ಕಡೆಯವರ ಸಹಿ ಅಂತ ಕೆಳಗೆ ಇದೆಯಲ್ಲ," ಎಂದರು, "ಅದಕ್ಕೂ ನನ್ನನ್ನೇ ಕರೀತೀಯಾ?"

೨. ಚಾರ್ಟು

ಜ್ವರ ಯಾವ ಹೊತ್ತಿಗೆ ಏರುತ್ತದೆ, ಯಾವ ಹೊತ್ತಿಗೆ ಇಳಿಯುತ್ತದೆ ಎಂದು ತಿಳಿಯದೆ ನಾವು ಔಷಧಿ ಶುರುಮಾಡುವುದಿಲ್ಲ. ರೇಡಿಯೋಗೂ ಅದೇ ನಿಯಮ. ನಾನು ಡ್ಯೂಟಿಗೆ ಹೋದಾಗ ನಮ್ಮ ಮನೆಯವರು ಅದನ್ನು ಹಾಕಿ, ಅರ್ಧ ಗಂಟೆಗೊಮ್ಮೆ ಕಿವಿಗೊಟ್ಟು, ಸದ್ದು ಕಡಿಮೆಯೋ ಮಧ್ಯಮವೋ ಜಾಸ್ತಿಯೋ ಎಂದು ಚಾರ್ಟಿನಲ್ಲಿ ಬರೆಯಬೇಕು. ಅವರು ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಹಾಜರಾತಿ ನೋಡಿಕೊಂಡು ನಿವೃತ್ತರಾದವರು. ಬರೆದಿಡುವ ಅಭ್ಯಾಸ ಇದೆ ಎಂದು ನಂಬಿದೆ.

ಸಂಜೆ ಬಂದು ನೋಡಿದೆ. ಒಂಬತ್ತರಿಂದ ಐದರವರೆಗೆ ಪ್ರತಿ ಚೌಕದಲ್ಲೂ 'ಮಧ್ಯಮ'. ಅಕ್ಷರಗಳೆಲ್ಲ ಒಂದೇ ಪೆನ್ನು, ಒಂದೇ ಓಟ, ಒಂದೇ ವಾಲು. ವಾರ್ಡಿನ ಎಲ್ಲ ರೋಗಿಗಳಿಗೂ ಒಂದೇ ಟೆಂಪರೇಚರ್ ಬರೆದಿಟ್ಟು ಟೀ ಕುಡಿಯಲು ಹೋಗುವ ನರ್ಸುಗಳನ್ನು ನಾನು ಇಷ್ಟು ವರ್ಷ ಹೀಗೆಯೇ ಹಿಡಿದದ್ದು. ಯಾರೆಂದು ಕೇಳಬೇಕಾಗಿಯೇ ಇರುವುದಿಲ್ಲ, ಅಕ್ಷರವೇ ಹೇಳುತ್ತದೆ.

ಹನ್ನೊಂದರಿಂದ ಒಂದರವರೆಗೆ ಇಡೀ ಪೀಣ್ಯಕ್ಕೆ ಕರೆಂಟ್ ಇರಲಿಲ್ಲವಲ್ಲ, ಆಗ ರೇಡಿಯೋ ಮಧ್ಯಮವಾಗಿ ಗುಂಯ್‌ಗುಟ್ಟಿದ್ದು ಹೇಗೆ ಎಂದು ಕೇಳಿದೆ.

ಅವರು ಚಾರ್ಟನ್ನು ನೋಡಿದರು, ರೇಡಿಯೋವನ್ನು ನೋಡಿದರು. "ನೋಡು, ನಮ್ಮ ಟೈಮ್ ಆಫೀಸಿನಲ್ಲಿ ಬೆಳಿಗ್ಗೆ ಕಾರ್ಡ್ ಪಂಚ್ ಮಾಡಿದವನು ಸಂಜೆವರೆಗೂ ಇದ್ದ ಅಂತಲೇ ಲೆಕ್ಕ," ಎಂದರು. "ಇದು ಒಂಬತ್ತಕ್ಕೇ ಪಂಚ್ ಮಾಡಿತ್ತು."

೩. ಎರಡು ಕಿವಿ

ನಮ್ಮ ರಸ್ತೆಯ ತುದಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದವರು ಗದಗಿನ ಕಡೆಯವರು. ಸುಟ್ಟ ಮೋಟಾರಿನ ತಂತಿ ಬಿಚ್ಚಿ ಹೊಸದು ಸುತ್ತುವ ಕೆಲಸ. ಹಿಂದೆ ಒಮ್ಮೆ ಅವರ ಹೆಬ್ಬೆರಳಿಗೆ ನಮ್ಮಲ್ಲಿ ಹೊಲಿಗೆ ಹಾಕಿದ್ದೆವು. ಆ ಹೊಲಿಗೆ ನೇರವಾಗಿ ಬಂದಿದೆ ಎಂದು ಊರಿಗೆಲ್ಲ ತೋರಿಸುತ್ತಿದ್ದರು. ವಾಲ್ವ್ ರೇಡಿಯೋ ತಮಗೆ ಗೊತ್ತಿಲ್ಲ, ಆದರೆ ಗುಂಯ್ ಎನ್ನುವುದೆಲ್ಲ ತಮ್ಮ ಖಾತೆಗೇ ಸೇರಿದ್ದು ಎಂದು ಹೇಳಿ ಬಂದರು. ಕೈ ಸೋಪು ಹಾಕಿ ತೊಳೆದ ಮೇಲೆ ಒಳಗೆ ಬಿಟ್ಟೆ.

ಹಿಂದಿನ ಹಲಗೆ ಬಿಚ್ಚಿದರು. ಪ್ಲಗ್ ಕಿತ್ತರೂ ಒಳಗೆ ಕರೆಂಟ್ ನಿಂತಿರುತ್ತದೆ, ಕಡಿಯುತ್ತದೆ ಎಂದು ನಮ್ಮ ಮನೆಯವರನ್ನು ಎರಡು ಅಡಿ ಹಿಂದೆ ನಿಲ್ಲಿಸಿದರು. ಬೇರಿಂಗ್ ಕೆಟ್ಟಿದೆಯೋ ಎಂದು ನೋಡಲು ಅವರ ಕಸುಬಿನಲ್ಲಿ ಒಂದು ಕ್ರಮವಿದೆ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಮೋಟಾರಿಗಿಟ್ಟು ಹಿಡಿಯನ್ನು ಕಿವಿಗಿಡುವುದು. ರೇಡಿಯೋ ಹಾಕಿ ಅದೇ ರೀತಿ ಪೆಟ್ಟಿಗೆಯ ಮೇಲೆ ಅಲ್ಲಲ್ಲಿ ಇಟ್ಟು ಕೇಳಿದರು. ನನಗೆ ಸಮಾಧಾನವಾಗಲಿಲ್ಲ. ನನ್ನ ಸ್ಟೆತಾಸ್ಕೋಪ್ ತಂದೆ. ಅವರು ಕೈ ಚಾಚಿದರು. ಅದನ್ನು ಇನ್ನೊಬ್ಬರ ಕಿವಿಗೆ ಕೊಡುವ ಪದ್ಧತಿ ನನಗಿಲ್ಲ ಎಂದೆ. ಹಾಗಾಗಿ ಎಡಗಡೆ ಅವರು ಸ್ಕ್ರೂಡ್ರೈವರಿನೊಂದಿಗೆ, ಬಲಗಡೆ ನಾನು ಸ್ಟೆತಾಸ್ಕೋಪಿನೊಂದಿಗೆ ಬಾಗಿ ನಿಂತೆವು.

ಟ್ರಾನ್ಸ್‌ಫಾರ್ಮರ್ ಹತ್ತಿರ ಇಬ್ಬರಿಗೂ ಒಂದೇ ಸಲ ಕೇಳಿಸಿತು. ಅದರ ಕಬ್ಬಿಣದ ತಗಡುಗಳು ಸಡಿಲವಾಗಿ ಅದುರುತ್ತಿದ್ದವು. ಅವರು ಪ್ಲಗ್ ಕಿತ್ತು, ಬೋಲ್ಟು ಬಿಗಿ ಮಾಡಿ, ಸಂದಿಗೆ ವಾರ್ನಿಷ್ ಬಿಟ್ಟರು. ಅದು ಒಣಗುವವರೆಗೆ ಕಾದು ಮತ್ತೆ ಹಾಕಿದೆವು. ಪೆಟ್ಟಿಗೆಯ ಅದುರು ನಿಂತಿತ್ತು. ಸ್ಪೀಕರಿನಿಂದ ಬರುವ ಗುಂಯ್ ಹಾಗೆಯೇ ಇತ್ತು.

ಅಷ್ಟರಲ್ಲಿ ಮನೆಯ ಮಾಲೀಕರಾದ ಅಜ್ಜಿ ಮೊಸರಿನ ಪಾತ್ರೆ ವಾಪಸ್ ಕೇಳಲು ಮೇಲೆ ಬಂದಿದ್ದರು. ಈ ರಸ್ತೆ ಹೊಲವಾಗಿದ್ದಾಗಿನಿಂದ ಇಲ್ಲೇ ಇರುವವರು. ನಾವಿಬ್ಬರೂ ಬಾಗಿ ಕಿವಿಗೊಟ್ಟಿದ್ದನ್ನು ಕಂಡು ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಬಾಗಿಲಲ್ಲೇ ನಿಂತರು.

"ಹೊರಗಿಂದು ನಿಂತೈತ್ರೀ ಮೇಡಂ," ಎಂದರು ರಿವೈಂಡಿಂಗಿನವರು, ಬೆವರು ಒರೆಸಿಕೊಳ್ಳುತ್ತ. "ಒಳಗಿಂದು ಬ್ಯಾರೆ ಐತ್ರಿ. ಇನ್ನಾ ಎಲ್ಡ್ ದಿನಾ ನೋಡೂಣ್ರಿ."

ಅಜ್ಜಿ ನಿಟ್ಟುಸಿರು ಬಿಟ್ಟರು. "ನಮ್ಮೆಜಮಾನ್ರಿಗೂ ದೊಡ್ಡಾಸ್ಪತ್ರೇಲಿ ಇಂಗೇ ಅಂದಿದ್ರು ನರ್ಸಮ್ಮ. ಮೂರೇ ದಿನ."

೪. ಮಣ್ಣು

ನಾನು ನರ್ಸಮ್ಮ ಅಲ್ಲ, ಮೇಟ್ರನ್. ಅದನ್ನು ಅಜ್ಜಿಗೆ ಹೇಳುವುದನ್ನು ಬಿಟ್ಟು ವರ್ಷಗಳಾಗಿದ್ದವು.

ಎರಡು ದಿನ ಬಿಟ್ಟು ರಿವೈಂಡಿಂಗಿನವರು ಬಂದು ಇನ್ನೊಂದು ಸಂಗತಿ ಕಂಡುಹಿಡಿದರು. ಸ್ಟೇಷನ್ ಹಿಡಿದಾಗ ಗುಂಯ್ ಹೆಚ್ಚುತ್ತದೆ, ಸ್ಟೇಷನ್ ಬಿಟ್ಟರೆ ಸ್ವಲ್ಪ ತಗ್ಗುತ್ತದೆ. ಅರ್ಥಿಂಗ್ ಸರಿಯಿಲ್ಲ ಎಂದರು. ನನಗೆ ಸ್ವಲ್ಪ ಕೋಪವೇ ಬಂತು. ಹಳೆಯ ರೇಡಿಯೋಗಳಿಗೆ ಹಿಂದೆ ಒಂದು ತೂತಿರುತ್ತದೆ, ಅಲ್ಲಿಂದ ತಾಮ್ರದ ತಂತಿಯನ್ನು ಭೂಮಿಗೆ ಇಳಿಸಬೇಕು. ಈ ಮನೆಗೆ ಬಂದ ದಿನವೇ ಇಳಿಸಿದ್ದೆವು, ಮಹಡಿಯಿಂದ ಕೆಳಗಿನ ಕಬ್ಬಿಣದ ನಲ್ಲಿಯವರೆಗೆ. ಪ್ರತಿ ತಿಂಗಳು ಮೇಲಿನ ತುದಿಯನ್ನು ನಾನೇ ಮರಳು ಕಾಗದದಲ್ಲಿ ಉಜ್ಜುತ್ತಿದ್ದೆ.

ಮೇಲಿನ ತುದಿ ಹೊಳೆಯುತ್ತಿತ್ತು. ಕೆಳಗಿನ ತುದಿ ನೋಡಲು ನಾವು ಮೂವರೂ ತಂತಿ ಹಿಡಿದು ಮೆಟ್ಟಿಲಿಳಿದೆವು. ತಂತಿ ಅಜ್ಜಿಯ ಕಿಟಕಿಯ ಪಕ್ಕ ತಿರುಗಿತು. ಅದರ ಸುತ್ತ ಮಲ್ಲಿಗೆ ಬಳ್ಳಿ ಹಬ್ಬಿತ್ತು. ಬಳ್ಳಿಯ ಬುಡ ಪೇಂಟಿನ ಹಳೆಯ ಪ್ಲಾಸ್ಟಿಕ್ ಬಕೀಟಿನಲ್ಲಿತ್ತು. ತಂತಿಯ ತುದಿಯೂ ಅಲ್ಲೇ, ಬಕೀಟಿನ ಮಣ್ಣಿನಲ್ಲಿ ನಾಲ್ಕು ಬೆರಳು ಹೂತಿತ್ತು. ಆ ಬಕೀಟು ಕಾಲು ಮುರಿದ ಒಂದು ಕುರ್ಚಿಯ ಮೇಲೆ ಕೂತಿತ್ತು.

ಅಜ್ಜಿಯನ್ನು ಕೇಳಿದೆವು. ಪೈಪೆಲ್ಲ ಪ್ಲಾಸ್ಟಿಕ್ ಹಾಕಿಸಿದಾಗ ಪ್ಲಂಬರು ತಂತಿಯನ್ನು ಕಿತ್ತೆಸೆದಿದ್ದನಂತೆ. ಇದು ಮಣ್ಣಿಗೆ ಹೋಗಬೇಕಾದ ತಂತಿ ಎಂದು ನಾನೇ ಹಿಂದೆ ಒಮ್ಮೆ ಹೇಳಿದ್ದೆನಂತೆ, ಅದು ಅಜ್ಜಿಗೆ ನೆನಪಿತ್ತಂತೆ. ಆರು ವರ್ಷದಿಂದ ನನ್ನ ರೇಡಿಯೋ ಪ್ಲಾಸ್ಟಿಕ್ ಬಕೀಟಿಗೆ ಅರ್ಥ್ ಆಗಿತ್ತು.

ಬಕೀಟಿನ ಮಣ್ಣು ಲೆಕ್ಕಕ್ಕೆ ಬರುವುದಿಲ್ಲ ಎಂದು ರಿವೈಂಡಿಂಗಿನವರು ವಿನಯದಿಂದಲೇ ಹೇಳಿದರು. ಅಜ್ಜಿಗೆ ಅವಮಾನವಾಯಿತು.

"ಯಾಕ್ ಬರಾಕಿಲ್ಲ? ನಮ್ಮೊಲದ್ ಮಣ್ಣು ಕಣಪ್ಪ ಅದು. ಸೈಟ್ ಮಾಡಾಕ್ ಮುಂಚೆ ನಾನೇ ತುಂಬಿಟ್ಕೊಂಡಿದ್ದು," ಎಂದರು. "ಈ ಬೀದೀಲಿ ಉಳ್ದಿರೋ ಮಣ್ಣು ಅದೊಂದೇಯ."

ಸುತ್ತ ನೋಡಿದೆವು. ಎಲ್ಲ ಕಡೆ ಸಿಮೆಂಟೇ ಇತ್ತು. ಕೊನೆಗೆ ಮೀಟರ್ ಬೋರ್ಡಿನ ಅರ್ಥ್ ಗುಂಡಿಗೇ ತಂತಿ ಇಳಿಸಿದೆವು. ಬಕೀಟಿನಿಂದ ತಂತಿ ತೆಗೆಯುವಾಗ ನಮ್ಮ ಮನೆಯವರು ಅಜ್ಜಿಯ ಅಪ್ಪಣೆ ಕೇಳಿದರು. ಅಜ್ಜಿ ಕೊಟ್ಟರು, ಆದರೆ ಬಳ್ಳಿಗೆ ಬೇರೆ ತಂತಿ ಕಟ್ಟಿಕೊಡಬೇಕೆಂಬ ಷರತ್ತಿನ ಮೇಲೆ. ಕೇಸ್ ಶೀಟಿನಲ್ಲಿ ಅದನ್ನೂ ಬರೆದೆ.

೫. ನಿಶ್ಶಬ್ದ

ಸದ್ದು ಅರ್ಧಕ್ಕರ್ಧ ಇಳಿದಿತ್ತು. ಉಳಿದದ್ದು ಹಟಮಾರಿ. ಶನಿವಾರಕ್ಕೆ ಮೂರೇ ದಿನ. ವಾಲ್ಯೂಮ್ ಪೂರ್ತಿ ಸೊನ್ನೆಗೆ ಇಳಿಸಿ ಎಂದರು ರಿವೈಂಡಿಂಗಿನವರು. ಇಳಿಸಿದೆ. ವಾರ್ತೆ ಓದುವವರು ಮಾಯವಾದರು, ಗುಂಯ್ ಅಲ್ಲೇ ಇತ್ತು. ಅವರ ಮುಖ ಅರಳಿತು. ಸೊನ್ನೆಗೆ ಇಳಿಸಿದರೂ ಕೇಳಿಸುವುದು ಸ್ಟೇಷನ್ ಕಡೆಯಿಂದ ಬಂದದ್ದಲ್ಲ, ರೇಡಿಯೋಗೆ ಅನ್ನ ಹಾಕುವ ಕಡೆಯಿಂದಲೇ ಬಂದದ್ದು ಎಂದು ವಿವರಿಸಿದರು. ಕರೆಂಟನ್ನು ಸೋಸುವ ಕಂಡೆನ್ಸರ್ ಒಣಗಿದೆಯಂತೆ. ಹಳೆಯದನ್ನು ಬಿಡಿಸಿ ಒಳ್ಳೆಯದೊಂದನ್ನು ಕೊಟ್ಟು ನೋಡಿದರೆ ಗೊತ್ತಾಗುತ್ತದೆ, ಒಂದು ನಿಮಿಷ ಎಂದು ಹೇಳಿ ಕೆಳಗಿಳಿದು ಹೋದರು.

ಲೋಟದಷ್ಟು ದಪ್ಪದ ಒಂದು ಕಂಡೆನ್ಸರ್ ಹಿಡಿದು ಬಂದರು. ಪೆಟ್ಟಿಗೆಯೊಳಗೆ ಹಿಡಿಯುವಂತಿರಲಿಲ್ಲ. ಹೊರಗೇ ಇಟ್ಟು ಎರಡು ತಂತಿ ಕೊಟ್ಟು ರೇಡಿಯೋ ಹಾಕಿದರು. ಹಸಿರು ಕಣ್ಣು ಬಿಟ್ಟಿತು. ಮೊದಲು ಏನೂ ಇಲ್ಲ. ಆಮೇಲೂ ಏನೂ ಇಲ್ಲ. ವಾಲ್ಯೂಮ್ ಏರಿಸಿದಾಗ ಒಬ್ಬರು ವೀಣೆ ನುಡಿಸುತ್ತಿದ್ದರು, ವೀಣೆಯೊಂದೇ. ಈ ರೇಡಿಯೋ ನನ್ನ ಮನೆಯಲ್ಲಿ ಹಾಗೆ ನುಡಿದದ್ದು ಅದೇ ಮೊದಲು. ನಾನು ಕುರ್ಚಿಯಲ್ಲಿ ಕೂತೆ.

ಹತ್ತು ನಿಮಿಷವಾಗಿರಬೇಕು. ಕೆಳಗೆ ಬಿಂದಿಗೆಗಳ ಸದ್ದು ಕೇಳಿಸಿತು. ಬಾಡಿಗೆದಾರರೆಲ್ಲ ನಲ್ಲಿಯ ಹತ್ತಿರ ಸೇರಿದ್ದರು. ಅಜ್ಜಿ ಏದುಸಿರು ಬಿಡುತ್ತ ಮೇಲೆ ಬಂದರು. ಬೋರ್‌ವೆಲ್ ಸ್ವಿಚ್ಚು ಹಾಕಿದರೆ ನೀರು ಬರುತ್ತಿಲ್ಲವಂತೆ.

"ಮೋಟ್ರು ತಿರುಗ್ತಾನೇ ಇಲ್ಲ ಕಣ್ ನರ್ಸಮ್ಮ. ಬರೀ ಗುಂಯ್ ಅಂತ ಕೂತೈತೆ."

ರಿವೈಂಡಿಂಗಿನವರು ಕಂಡೆನ್ಸರನ್ನು ನೋಡಿದರು, ಆಮೇಲೆ ನೆಲ ನೋಡಿದರು. ಅದು ಬೋರ್‌ವೆಲ್ ಮೋಟಾರಿನಿಂದ ಬಿಚ್ಚಿ ತಂದದ್ದು ಎಂದು ನಮ್ಮ ಮನೆಯವರಿಗೆ ಅರ್ಥವಾಯಿತು. "ಎಲ್ಲೂ ಹೋಗಿಲ್ಲ ನೋಡು ನಿನ್ನ ಗುಂಯ್," ಎಂದರು ನನಗೆ. "ಒಂದು ಮಹಡಿ ಕೆಳಗೆ ಇಳಿದಿದೆ, ಅಷ್ಟೇ."

೬. ರೋಗಿಯ ಬಿಡುಗಡೆ

ಮರುದಿನ ಬೆಳಿಗ್ಗೆ ರಿವೈಂಡಿಂಗಿನವರು ತಮ್ಮ ಅಂಗಡಿಯಿಂದಲೇ ಹೊಸ ಕಂಡೆನ್ಸರ್ ತಂದು ಹಾಕಿದರು. ಅದೂ ಲೋಟದಷ್ಟೇ ದಪ್ಪ. ಕೈ ತಾಗದಂತೆ ಅದರ ತಲೆಗೆ ಮುಚ್ಚಳ ಬಿಗಿದು ರೇಡಿಯೋದ ಹಿಂದೆ ನಿಲ್ಲಿಸಿದರು. ಕಾಣದ ಹಾಗೆ ನಾನು ಅದಕ್ಕೆ ಕ್ರೋಶಾ ಬಟ್ಟೆ ಹೊದಿಸಿದೆ.

ಶನಿವಾರ ಹನ್ನೊಂದು ಗಂಟೆಗೆ ಸಿಸ್ಟರ್ ಬಂದರು. ಮಂಗಳೂರಿನ ಕಡೆಯವರು, ಮಾತು ಇಂದಿಗೂ ಅಲ್ಲಿಯದೇ. ಮೆಟ್ಟಿಲು ಹತ್ತಲು ಬಹಳ ಹೊತ್ತು ಹಿಡಿಯಿತು. ಕೂತವರೇ, ಕಾಫಿ ಆಮೇಲೆ, ಮೊದಲು ರೇಡಿಯೋ ಎಂದರು. ನಾನು ಹಾಕಿದೆ. ಒಂದು ನಿಮಿಷ ಮೂವರೂ ಕಾದೆವು. ಕಣ್ಣು ಹಸಿರಾಯಿತು. ಸುಗಮ ಸಂಗೀತ ಬಂತು, ತೊಳೆದ ಬಟ್ಟಲಿನಷ್ಟು ಸ್ವಚ್ಛವಾಗಿ. ನಮ್ಮ ಮನೆಯವರು ಕಾಫಿ ತರಲು ಒಳಗೆ ಹೋದರು.

ಸಿಸ್ಟರ್ ಮುಂದೆ ಬಾಗಿ ಸ್ಪೀಕರಿನ ಬಟ್ಟೆಗೆ ಕಿವಿಯಿಟ್ಟರು. ನಾನು ನೆಟ್ಟಗೆ ನಿಂತಿದ್ದೆ, ವರಾಂಡದಲ್ಲಿ ನಿಲ್ಲುತ್ತಿದ್ದ ಹಾಗೆ. ಅವರ ಮುಖ ಸಣ್ಣದಾಯಿತು.

"ಇದು ಅದೇ ರೇಡಿಯೋನಾ?"

ಅದೇ ಎಂದೆ.

"ಹಾಗಾದರೆ ಆ ಸದ್ದು ಎಲ್ಲಿ ಹೋಯಿತು ಮಾರಾಯ್ತಿ? ಗುಂಯ್ ಅಂತ ಒಂದು ಉಂಟಲ್ಲ ಇದಕ್ಕೆ."

ಸಿಸ್ಟರ್ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು. ಆ ರೇಡಿಯೋ ಕಾನ್ವೆಂಟಿಗೆ ಬಂದದ್ದೇ ಆ ಸದ್ದಿನೊಂದಿಗಂತೆ. ವರಾಂಡದಲ್ಲಿ ದೂರ ನಿಂತ ನಮಗೆ ಕೇಳಿಸುತ್ತಿರಲಿಲ್ಲ, ಅಷ್ಟೇ. ಮೂರು ಜನ ರಿಪೇರಿಯವರು ಕೈಬಿಟ್ಟರಂತೆ. ಯಾರಿಗಾದರೂ ಕೊಟ್ಟುಬಿಡಿ ಎಂದು ಕಾನ್ವೆಂಟಿನ ಹಿರಿಯ ಮದರ್ ಹೇಳಿದ ವಾರವೇ ನನ್ನ ಮದುವೆಯ ಕಾಗದ ಹೋಗಿತ್ತಂತೆ.

"ನೀನಾದರೆ ದೂರು ಹೇಳುವವಳಲ್ಲ ಅಂತ ನಾನು ಎಣಿಸಿದ್ದು," ಎಂದರು. "ಮೊದಲ ಕ್ರಿಸ್‌ಮಸ್‌ಗೇ ನಿನ್ನ ಕಾಗದ ಬಂತು. ನಮ್ಮಲ್ಲಿದ್ದಾಗ ಹೇಗಿತ್ತೋ ಈಗಲೂ ಹಾಗೆಯೇ ಇದೆ ಅಂತ. ಮರುವರ್ಷವೂ ಅದೇ. ಮೂವತ್ತು ವರ್ಷ, ಒಂದು ವರ್ಷ ಬಿಡಲಿಲ್ಲ ನೀನು. ಎಷ್ಟು ಮರ್ಯಾದೆಯಲ್ಲಿ ಚುಚ್ಚುತ್ತಾಳೆ ಇವಳು, ಇದನ್ನೂ ನಾನೇ ಕಲಿಸಿದ್ದಾ ಅಂತ ನನಗೆ. ಆಪರೇಷನ್ನಿನ ಮೊದಲು ನಿನ್ನ ಹತ್ತಿರ ಕ್ಷಮೆ ಕೇಳುವ ಅಂತ ಬಂದದ್ದು."

ಮೂವತ್ತು ವರ್ಷ ಸುಳ್ಳೆಂದು ತಿಳಿದು ಬರೆದ ವಾಕ್ಯ ಅಪ್ಪಟ ನಿಜವಾಗಿತ್ತು. ಅದನ್ನು ಸುಳ್ಳು ಮಾಡಲು ನಾನು ಹದಿನೈದು ದಿನ ಪಟ್ಟ ಕಷ್ಟವಷ್ಟೂ ಕೇಸ್ ಶೀಟಿನಲ್ಲಿತ್ತು. ನಾನೇ ಕ್ಷಮೆ ಕೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು.

ಆಗ ನಮ್ಮ ಮನೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ತಿಳಿಯದು, ಕಾಫಿಯ ಮೇಲೆ ಕೆನೆ ಕಟ್ಟಿತ್ತು. ತಟ್ಟೆಯನ್ನು ಮೇಜಿನ ಮೇಲಿಟ್ಟರು.

"ಸಿಸ್ಟರ್, ಗೇಟಿನ ಹತ್ತಿರ ಬರುವ ಮೊದಲೇ ಅದು ಗುಂಯ್ ಅಂತಿತ್ತಾ?"

ಯಾವ ಗೇಟು ಎಂದು ಅವರಿಗೆ ಹೇಗೆ ಗೊತ್ತಾಗಬೇಕು. ಆದರೂ ಹೌದು ಎಂದರು, ಬಹಳ ಮೊದಲೇ.

"ದಯವಿಟ್ಟು ಇನ್ನೊಂದು ಸಲ ಹೇಳಿ," ಎಂದರು ನಮ್ಮ ಮನೆಯವರು. "ಅವಳ ಕಡೆ ತಿರುಗಿ."

ಸಿಸ್ಟರ್ ತಿರುಗಿ ಹೇಳಿದರು.

ದಾಖಲೆಯಲ್ಲಿ ತಪ್ಪಿದ್ದರೆ ತಿದ್ದಲೇಬೇಕು, ಅದು ನನ್ನ ನಿಯಮ. ಸಿಸ್ಟರ್ ಹೋದ ಮೇಲೆ ಕೇಸ್ ಶೀಟು ತೆಗೆದು, ಕಾರಣ ಎಂಬಲ್ಲಿದ್ದ 'ಪತಿ'ಯನ್ನು ಒಂದೇ ಗೆರೆಯಲ್ಲಿ ಹೊಡೆದು, 'ಹುಟ್ಟಿನಿಂದಲೇ ಬಂದದ್ದು' ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದೆ. ನಮ್ಮ ಮನೆಯವರು ಆ ಹಾಳೆಯನ್ನು ಒಂದು ನಿಮಿಷ ಕೊಡು ಎಂದು ತೆಗೆದುಕೊಂಡು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದರು. ಲ್ಯಾಮಿನೇಷನ್ ಮಾಡಿಸಿದ್ದರು.

ಅದು ಈಗ ರೇಡಿಯೋದ ಮೇಲೆ, ಗೋಡೆಗೆ ಒರಗಿ ನಿಂತಿದೆ. ರೇಡಿಯೋದಲ್ಲಿ ಒಂದು ಎಳೆಯಷ್ಟೂ ಗುಂಯ್ ಇಲ್ಲ. ಹಾಳೆ ಮಾತ್ರ, ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ನನಗೆ ಕೇಳಿಸುತ್ತದೆ.